ಗೀಸರ್‌ನ ಬಿಲ್ಲು, ಫಜ್ರ್‌ನ ಬಿಸಿನೀರು

ಚಳಿ ಶುರುವಾದೊಡನೆ ನಮ್ಮ ಮನೆಗಳಲ್ಲಿ ಎರಡು ದೂರುಗಳು ಒಟ್ಟಿಗೆ ಕೇಳಿಬರುತ್ತವೆ. ಫಜ್ರ್‌ಗೆ ಎದ್ದರೆ ನಲ್ಲಿಯ ನೀರು ಮುಟ್ಟಲಾಗುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಕರೆಂಟ್ ಬಿಲ್ ಏರಿತು ಎಂದು ಮನೆ ನಡೆಸುವವರು ಹೇಳುತ್ತಾರೆ. ಎರಡು ದೂರುಗಳ ನಡುವೆ ಬಚ್ಚಲುಮನೆಯ ಗೋಡೆಯ ಮೇಲೆ ಗೀಸರ್ ಕೂತಿದೆ. ಖರ್ಚು ತಗ್ಗಿಸಬೇಕು ಎಂದಾಗ ಅನೇಕ ಮನೆಗಳಲ್ಲಿ ಮೊದಲ ಕತ್ತರಿ ಬೀಳುವುದು ಅಜ್ಜ ಅಜ್ಜಿಯರ ವುಝೂವಿನ ಬಿಸಿನೀರಿಗೆ. "ಕೈಕಾಲು ತೊಳೆಯಲು ಗೀಸರ್ ಯಾಕೆ?" ಎಂಬ ಮಾತು ಬರುತ್ತದೆ. ಸಂಧಿವಾತ, ದಮ್ಮು, ರಕ್ತದೊತ್ತಡ ಇರುವ ಹಿರಿಯರು ಏನೂ ಹೇಳದೆ ತಣ್ಣೀರಿಗೆ ಕೈ ಚಾಚುತ್ತಾರೆ. ನಾಲ್ಕು ದಿನ ಬಿಟ್ಟು ನಮ್ಮ ದವಾಖಾನೆಗೆ ಬರುತ್ತಾರೆ.

ಲೆಕ್ಕ ಹಾಕಿ ನೋಡಿದರೆ ದುಂದು ಅಲ್ಲಿ ಇಲ್ಲವೇ ಇಲ್ಲ. ಅದು ಬೇರೆಲ್ಲೋ ಇದೆ. ಎಲ್ಲಿದೆ ಎಂದು ನೀವೇ ಹುಡುಕಿಕೊಳ್ಳಲು ಒಂದು ಸುಲಭ ಲೆಕ್ಕ ಹೇಳುತ್ತೇನೆ.

ಒಂದು ಯೂನಿಟ್ ಕರೆಂಟ್ ಸುಮಾರು 860 ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುತ್ತದೆ. ಆದ್ದರಿಂದ ಎಷ್ಟು ಲೀಟರ್ ನೀರು, ಎಷ್ಟು ಡಿಗ್ರಿ ಏರಬೇಕು ಎಂಬ ಎರಡನ್ನು ಗುಣಿಸಿ 860ರಿಂದ ಭಾಗಿಸಿದರೆ ಎಷ್ಟು ಯೂನಿಟ್ ಬೇಕೆಂದು ಗೊತ್ತಾಗುತ್ತದೆ. ಯಾವ ಕಂಪೆನಿಯ ಗೀಸರ್ ಆದರೂ ಈ ಲೆಕ್ಕ ಬದಲಾಗದು. ನಲ್ಲಿಯ ನೀರು 25 ಡಿಗ್ರಿ ಇದೆ, ಯೂನಿಟ್‌ಗೆ ಆರು ರೂಪಾಯಿ ಎಂದು ಇಟ್ಟುಕೊಳ್ಳೋಣ.

ವುಝೂಗೆ ಒಂದೂವರೆ ಲೀಟರ್ ನೀರು ಧಾರಾಳ. ಅದು 38 ಡಿಗ್ರಿಗೆ ಏರಿದರೆ ಉಗುರುಬೆಚ್ಚಗೆ ಆಗುತ್ತದೆ. ಅಂದರೆ 13 ಡಿಗ್ರಿ ಏರಿಕೆ. ಒಂದೂವರೆಯನ್ನು 13ರಿಂದ ಗುಣಿಸಿ 860ರಿಂದ ಭಾಗಿಸಿ ನೋಡಿ. ಒಂದು ಯೂನಿಟ್‌ನ ನಲವತ್ತನೇ ಒಂದು ಭಾಗವೂ ಆಗುವುದಿಲ್ಲ. ಹಣದಲ್ಲಿ ಹೇಳಿದರೆ 14 ಪೈಸೆ. ಆರು ಮಂದಿಯ ಮನೆಯಲ್ಲಿ ಎಲ್ಲರೂ ಫಜ್ರ್‌ಗೆ ಬೆಚ್ಚಗಿನ ನೀರಿನಲ್ಲಿ ವುಝೂ ಮಾಡಿದರೆ ದಿನಕ್ಕೆ ಒಂದು ರೂಪಾಯಿಗಿಂತ ಕಡಿಮೆ, ತಿಂಗಳಿಗೆ 25 ರೂಪಾಯಿ. ಇದಕ್ಕಾಗಿ ಹಿರಿಯರೊಂದಿಗೆ ಜಗಳವೇ?

ಈಗ ಸ್ನಾನದ ಲೆಕ್ಕ. 15 ಲೀಟರ್‌ನ ಒಂದು ಬಕೆಟ್ ನೀರು 40 ಡಿಗ್ರಿಗೆ ಬರಲು ಕಾಲು ಯೂನಿಟ್‌ಗಿಂತ ತುಸು ಹೆಚ್ಚು ಬೇಕು, ಸುಮಾರು ಒಂದೂವರೆ ರೂಪಾಯಿ. ಶವರ್‌ನಿಂದ ನಿಮಿಷಕ್ಕೆ 9 ಲೀಟರ್ ಬೀಳುತ್ತದೆ ಎಂದುಕೊಂಡರೆ ಹತ್ತು ನಿಮಿಷಕ್ಕೆ 90 ಲೀಟರ್. ಅದಕ್ಕೆ ಒಂದೂವರೆ ಯೂನಿಟ್ ದಾಟುತ್ತದೆ, ಒಂಬತ್ತು ರೂಪಾಯಿಗೂ ಮೇಲೆ. ಆರು ಮಂದಿ ಬಕೆಟ್‌ನಲ್ಲಿ ಮೀಯುವ ಖರ್ಚನ್ನು ಶವರ್ ಕೆಳಗೆ ಹಾಡು ಗುನುಗುವ ಒಬ್ಬ ಮಗ ಒಂದೇ ಸಲಕ್ಕೆ ಮುಗಿಸುತ್ತಾನೆ. ನಿಮ್ಮ ಶವರ್ ಎಷ್ಟು ಸುರಿಯುತ್ತದೆ ಎಂದು ತಿಳಿಯಲು ಅದರ ಕೆಳಗೆ ಬಕೆಟ್ ಇಟ್ಟು ಗಡಿಯಾರ ನೋಡಿದರೆ ಸಾಕು.

ಪ್ರವಾದಿ(ಸ)ಯವರು ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು, ಒಂದು ಸಾಅ್‌ನಿಂದ ಐದು ಮುದ್ದ್‌ವರೆಗಿನ ನೀರಿನಲ್ಲಿ ಸ್ನಾನ ಮಾಡುತ್ತಿದ್ದರು ಎಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಒಂದು ಮುದ್ದ್ ಎಂದರೆ ಸುಮಾರು ಮುಕ್ಕಾಲು ಲೀಟರ್, ನಾಲ್ಕು ಮುದ್ದ್ ಸೇರಿದರೆ ಒಂದು ಸಾಅ್, ಅಂದರೆ ಮೂರು ಲೀಟರ್ ಒಳಗೆ. ನಮ್ಮ ಒಂದು ಬಕೆಟ್ ಅದರ ಐದು ಪಟ್ಟು. ಮೂರೇ ಲೀಟರ್‌ನಲ್ಲಿ ಮೀಯಿರಿ ಎಂದು ನಾನು ಹೇಳುತ್ತಿಲ್ಲ. ಗುಸ್ಲ್ ಪೂರ್ಣವಾಗಲು ಬಕೆಟ್ ಸಾಲದು, ಶವರ್ ಬೇಕೇ ಬೇಕು ಎನ್ನುವವರಿಗೆ ಇದನ್ನು ನೆನಪಿಸುತ್ತಿದ್ದೇನೆ, ಅಷ್ಟೆ.

ಪೈಪಿನೊಳಗಿನ ನಷ್ಟ

ವುಝೂವಿನ ಖರ್ಚು 14 ಪೈಸೆ ಎಂದೆ. ಅದು ನೀರನ್ನು ತಂಬಿಗೆಯಲ್ಲಿ ಹಿಡಿದುಕೊಂಡರೆ ಮಾತ್ರ. ಗೀಸರ್ ಒಂದು ಬಚ್ಚಲಿನಲ್ಲಿದ್ದು, ವುಝೂ ಮಾಡುವ ಬೇಸಿನ್ ಹತ್ತು ಮೀಟರ್ ದೂರದಲ್ಲಿದ್ದರೆ ಲೆಕ್ಕ ತಲೆಕೆಳಗಾಗುತ್ತದೆ. ಅರ್ಧ ಇಂಚಿನ ಪೈಪ್ ಹತ್ತು ಮೀಟರ್‌ನಲ್ಲಿ ಸುಮಾರು ಒಂದೂಕಾಲು ಲೀಟರ್ ನೀರು ಹಿಡಿಯುತ್ತದೆ. ಬಿಸಿ ನಲ್ಲಿ ತಿರುಗಿಸಿದರೆ ಮೊದಲು ಇಷ್ಟು ತಣ್ಣೀರು ಹರಿದು ಹೋಗಬೇಕು. ವುಝೂ ಮುಗಿದಾಗ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ತಣ್ಣಗಾಗುತ್ತದೆ. ಅರ್ಧ ಗಂಟೆ ಬಿಟ್ಟು ಇನ್ನೊಬ್ಬರು ಬಂದರೆ ಮತ್ತೆ ಅದೇ ಕಥೆ. ಆರು ಮಂದಿ ಒಬ್ಬೊಬ್ಬರಾಗಿ ಬಂದರೆ ಪೈಪಿನಲ್ಲಿ ತಣಿಯುವ ಏಳೂವರೆ ಲೀಟರ್‌ಗೆ ಬೇಕಾಗುವ ಕರೆಂಟ್, ಆರೂ ಮಂದಿಯ ವುಝೂಗೆ ನಿಜವಾಗಿ ಬೇಕಾದ ಕರೆಂಟಿನ ಎರಡು ಪಟ್ಟು. ಪ್ರವಾದಿ(ಸ)ಯವರು ವುಝೂ ಮಾಡುತ್ತಿದ್ದುದಕ್ಕಿಂತ ಹೆಚ್ಚು ನೀರು ನಮ್ಮ ಪೈಪಿನಲ್ಲೇ ಕೂತಿರುತ್ತದೆ!

ಇದಕ್ಕೆ ಮದ್ದು ಸುಲಭ. ಮೊದಲು ಎದ್ದವರು ಗೀಸರ್ ಕೆಳಗಿನ ನಲ್ಲಿಯಿಂದಲೇ ಒಂದು ಮುಚ್ಚಳದ ಬಕೆಟ್‌ಗೆ ಎಲ್ಲರಿಗೂ ಬೇಕಾಗುವಷ್ಟು ನೀರು ಹದ ಮಾಡಿ ಹಿಡಿದಿಡಲಿ, ಉಳಿದವರು ತಂಬಿಗೆಯಲ್ಲಿ ತೆಗೆದುಕೊಳ್ಳಲಿ. ಹಾಸಿಗೆ ಹಿಡಿದ ಹಿರಿಯರಿದ್ದರೆ ರಾತ್ರಿಯೇ ಒಂದು ಫ್ಲಾಸ್ಕ್ ತುಂಬಿಸಿ ಮಂಚದ ಪಕ್ಕ ಇಟ್ಟು, ಬೆಳಿಗ್ಗೆ ತಣ್ಣೀರು ಬೆರೆಸಿಕೊಳ್ಳಬಹುದು. ಬೇಸಿನ್ ಹತ್ತಿರ ಹೊಸದಾಗಿ ಏನಾದರೂ ಹಾಕಿಸುವುದಿದ್ದರೆ ಮೂರು ಲೀಟರ್‌ನ ಇನ್‌ಸ್ಟಂಟ್ ಗೀಸರ್ ವುಝೂಗೆ ಚೆನ್ನಾಗಿ ಹೊಂದುತ್ತದೆ. ಒಂದೆರಡು ನಿಮಿಷದಲ್ಲಿ ಕಾಯುತ್ತದೆ. ಅದು 3000 ವ್ಯಾಟ್ ಎಳೆಯುವುದರಿಂದ ವೈರಿಂಗ್ ತಾಳುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ನೋಡಿ ಹೇಳಲಿ.

ಇನ್ನೊಂದು ಕಣ್ಣಿಗೆ ಬೀಳದ ಸೋರಿಕೆ ಇದೆ. ಒಂದೇ ಹಿಡಿಕೆಯ ಮಿಕ್ಸರ್ ನಲ್ಲಿ ನಡುವೆ ನಿಂತಿದ್ದರೆ, ಮಧ್ಯಾಹ್ನ ಕೈ ತೊಳೆಯುವಾಗಲೂ ಅರ್ಧ ನೀರು ಗೀಸರ್‌ನಿಂದ ಬರುತ್ತದೆ. ಬಿಸಿ ಕೈಗೆ ತಲುಪುವ ಮೊದಲೇ ನಾವು ನಲ್ಲಿ ನಿಲ್ಲಿಸಿರುತ್ತೇವೆ. ಕೆಲಸ ಮುಗಿದ ಮೇಲೆ ಹಿಡಿಕೆಯನ್ನು ತಣ್ಣೀರಿನ ಕಡೆಗೇ ತಿರುಗಿಸಿಡುವುದನ್ನು ಮಕ್ಕಳಿಗೆ ರೂಢಿ ಮಾಡಿಸಿ.

ದಿನವಿಡೀ ಆನ್ ಇಡುವುದು ಲಾಭವೇ?

"ಪದೇ ಪದೇ ಆಫ್ ಮಾಡಿ ಆನ್ ಮಾಡಿದರೆ ಕರೆಂಟ್ ಜಾಸ್ತಿ ಎಳೆಯುತ್ತದೆ, ಆನ್ ಇಟ್ಟೇ ಬಿಡುವುದು ಒಳ್ಳೆಯದು" ಎಂದು ಓದಿದವರೂ ಹೇಳುತ್ತಾರೆ. ಇದು ತಪ್ಪು. ನಮ್ಮ ಅಜ್ಜಿಯಂದಿರ ಬಚ್ಚಲ ಹಂಡೆಯನ್ನು ನೆನಪಿಸಿಕೊಳ್ಳಿ. ಮಡಲು, ಅಡಿಕೆ ಸಿಪ್ಪೆ ಹಾಕಿ ಬೆಳಿಗ್ಗೆ ಉರಿ ಎಬ್ಬಿಸುತ್ತಿದ್ದರು, ಎಲ್ಲರೂ ಮಿಂದ ಮೇಲೆ ಬಿಡುತ್ತಿದ್ದರು. ನಾಳೆಯ ಸ್ನಾನಕ್ಕೆಂದು ಇಡೀ ದಿನ ಒಲೆ ಉರಿಸಿದವರುಂಟೇ? ನೀರು ಎಷ್ಟು ಹೊತ್ತು ಬಿಸಿಯಾಗಿ ನಿಲ್ಲುತ್ತದೋ ಅಷ್ಟು ಹೊತ್ತು ಬಿಸಿ ಹೊರಗೆ ಸೋರುತ್ತದೆ. ಹೊರಗಿನ ಗಾಳಿಗೂ ಒಳಗಿನ ನೀರಿಗೂ ಅಂತರ ಹೆಚ್ಚಾದಷ್ಟೂ ಸೋರಿಕೆ ಹೆಚ್ಚು. ಆಫ್ ಆದ ಗೀಸರ್ ತಣಿಯುತ್ತಾ ಹೋದಂತೆ ಸೋರಿಕೆಯೂ ಇಳಿಯುತ್ತದೆ. ಆನ್ ಇದ್ದದ್ದು ಇಪ್ಪತ್ತನಾಲ್ಕು ಗಂಟೆಯೂ ಅಷ್ಟೇ ಸೋರುತ್ತಾ ಅದನ್ನು ಕರೆಂಟಿನಿಂದ ತುಂಬಿಕೊಳ್ಳುತ್ತದೆ.

ಗೀಸರ್ ಮೇಲೆ ಅಂಟಿಸಿರುವ ಸ್ಟಾರ್ ಚೀಟಿ ಇದನ್ನೇ ಹೇಳುತ್ತದೆ. ನೀರನ್ನು ಬಳಸದೆ ಬಿಸಿಯಾಗಿ ಇಟ್ಟರೆ ಒಂದು ದಿನಕ್ಕೆ ಎಷ್ಟು ಯೂನಿಟ್ ಸೋರುತ್ತದೆ ಎಂಬ ಸಂಖ್ಯೆ ಅಲ್ಲಿರುತ್ತದೆ. ಉದಾಹರಣೆಗೆ ಅದು 0.6 ಎಂದಿದ್ದರೆ, ತಿಂಗಳಿಡೀ ಆನ್ ಇಟ್ಟವರು ಒಂದು ಹನಿ ಬಿಸಿನೀರು ಬಳಸದೆಯೇ 18 ಯೂನಿಟ್, ನೂರಕ್ಕೂ ಹೆಚ್ಚು ರೂಪಾಯಿ ಕಟ್ಟುತ್ತಾರೆ. ಐದು ಸ್ಟಾರ್ ಎಂದರೆ ನೀರು ಕಾಯಿಸಲು ಕಡಿಮೆ ಕರೆಂಟ್ ಸಾಕು ಎಂದು ಅರ್ಥವಲ್ಲ. 860ರ ಲೆಕ್ಕ ಎಲ್ಲಕ್ಕೂ ಒಂದೇ. ಸ್ಟಾರ್ ಹೆಚ್ಚಿದ್ದರೆ ಸೋರಿಕೆ ಕಡಿಮೆ, ಅಷ್ಟೆ. ಆದ್ದರಿಂದ ಬೇಕಾದಾಗ ಮಾತ್ರ ಆನ್ ಮಾಡುವ ಮನೆಯವರು, ಚೆನ್ನಾಗಿ ನಡೆಯುತ್ತಿರುವ ಹಳೆಯ ಗೀಸರನ್ನು ಸ್ಟಾರ್‌ಗಾಗಿ ಬದಲಿಸಬೇಕಾಗಿಲ್ಲ.

ಹಾಗಾದರೆ ಎಷ್ಟು ಹೊತ್ತು ಬೇಕು? 2000 ವ್ಯಾಟ್‌ನ 15 ಲೀಟರ್ ಗೀಸರ್ 25 ಡಿಗ್ರಿಯಿಂದ 60ಕ್ಕೆ ಏರಲು ಇಪ್ಪತ್ತು ನಿಮಿಷ ಸಾಕು, 25 ಲೀಟರ್‌ನದ್ದಕ್ಕೆ ಅರ್ಧ ಗಂಟೆ. ಚಿಕ್ಕಮಗಳೂರು, ಕೊಡಗು, ಬೀದರ್ ಕಡೆ ಡಿಸೆಂಬರ್‌ನಲ್ಲಿ ಐದಾರು ನಿಮಿಷ ಸೇರಿಸಿಕೊಳ್ಳಿ. ಫಜ್ರ್ ಅಝಾನ್‌ಗೆ ಅರ್ಧ ಗಂಟೆ ಮೊದಲು ಆನ್ ಆಗಿ, ಆಮೇಲೆ ತಾನೇ ಆಫ್ ಆಗುವಂತೆ ಟೈಮರ್ ಹಾಕಿಸಿಕೊಳ್ಳಬಹುದು. ಆ ಟೈಮರ್ 16 ಆ್ಯಂಪಿಯರ್‌ನದ್ದೇ ಆಗಿರಬೇಕು. ಅಗ್ಗದ ಚಿಕ್ಕ ಟೈಮರ್‌ಗಳು ಗೀಸರ್‌ನ ಭಾರಕ್ಕೆ ಸುಟ್ಟುಹೋಗುತ್ತವೆ. 60 ಡಿಗ್ರಿಯ 15 ಲೀಟರ್ ನೀರಿಗೆ ತಣ್ಣೀರು ಬೆರೆಸಿದರೆ 40 ಡಿಗ್ರಿಯ 35 ಲೀಟರ್ ಆಗುತ್ತದೆ, ಎರಡು ಬಕೆಟ್‌ಗೂ ಮೇಲೆ. ಆದ್ದರಿಂದ ಸ್ನಾನ ಮಾಡುವವರು ಒಬ್ಬರ ಹಿಂದೆ ಒಬ್ಬರು ಮುಗಿಸಿದರೆ ಒಳ್ಳೆಯದು.

ಸ್ನಾನದ ಹೊತ್ತನ್ನು ಸ್ವಲ್ಪ ಸರಿಸಲೂ ಬರುತ್ತದೆ. ತಾರಸಿಯ ಕಪ್ಪು ಟ್ಯಾಂಕಿನ ನೀರು ಮುಂಜಾನೆ ಐದಕ್ಕೆ ಅತಿ ತಣ್ಣಗೆ, ಹನ್ನೊಂದರ ಹೊತ್ತಿಗೆ ಬಿಸಿಲಿನಿಂದ ಬೆಚ್ಚಗೆ. ಒಳನಾಡಿನಲ್ಲಿ ಚಳಿಗಾಲದ ಮುಂಜಾನೆ ನೀರು 18 ಡಿಗ್ರಿಗೆ ಇಳಿದರೆ ಒಂದು ಬಕೆಟ್‌ಗೆ ಕರೆಂಟ್ ಸುಮಾರು ಒಂದೂವರೆ ಪಟ್ಟು ಬೇಕು. ಜುಮಾ ದಿನದ ಸ್ನಾನವನ್ನು ಹನ್ನೊಂದು ಗಂಟೆಗೆ ಇಟ್ಟುಕೊಂಡರೆ ಅರ್ಧ ಕೆಲಸ ಸೂರ್ಯನೇ ಮಾಡಿರುತ್ತಾನೆ. ಸ್ವಂತ ತಾರಸಿ ಇರುವವರಿಗೆ ಸೋಲಾರ್ ಉತ್ತಮ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಸೋಲಾರ್ ಟ್ಯಾಂಕಿನೊಳಗಿನ ಎಲೆಕ್ಟ್ರಿಕ್ ಕಾಯಿಲ್ ಮೋಡದ ದಿನಕ್ಕೆ ಮಾತ್ರ ಇರುವುದು. ಅದನ್ನು ಆನ್ ಇಟ್ಟು ಮರೆತರೆ ನೂರು ಲೀಟರ್ ನೀರನ್ನು ಸುಮ್ಮನೆ ಕಾಯಿಸಿದಂತೆ.

ನಮ್ಮ ರಾಜ್ಯದವರಿಗೆ ಈ ಲೆಕ್ಕ ಇನ್ನೂ ಬಿಗಿಯಾಗಿದೆ. ಗೃಹಜ್ಯೋತಿ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೆ ನಿಮ್ಮ ಉಚಿತ ಮಿತಿ ನಿಗದಿಯಾಗಿದೆ. ಅದನ್ನು ಮೀರಿದರೆ ಹೆಚ್ಚುವರಿ ಯೂನಿಟ್‌ಗೆ ಹಣ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಆರು ಮಂದಿ ಬಕೆಟ್‌ನಲ್ಲಿ ಮಿಂದರೂ ತಿಂಗಳಿಗೆ 47 ಯೂನಿಟ್ ಆಗುತ್ತದೆ. ಉಳಿದ ಬಳಕೆ 140 ಇರುವ ಮನೆಗೆ ಇದು 187, ಇನ್ನೂ 200ರ ಒಳಗೆ. ಅದೇ ಮನೆಯಲ್ಲಿ ಗೀಸರ್ ಹಗಲು ರಾತ್ರಿ ಆನ್ ಇದ್ದರೆ ಸೋರಿಕೆಯ ಆ 18 ಯೂನಿಟ್ ಸೇರಿ 205. ನೂರು ರೂಪಾಯಿಯ ಅಜಾಗ್ರತೆ ಸಾವಿರ ರೂಪಾಯಿ ದಾಟುವ ಬಿಲ್ ತರುತ್ತದೆ.

ದೇಹಕ್ಕೆ ಎಷ್ಟು ಬಿಸಿ ಬೇಕು

ಯುನಾನಿ ವೈದ್ಯಪದ್ಧತಿಯಲ್ಲಿ ಹಮ್ಮಾಮ್ ಒಂದು ಚಿಕಿತ್ಸೆಯೇ ಆಗಿದೆ. ಇಬ್ನ್ ಸೀನಾರ 'ಅಲ್-ಖಾನೂನ್'ನಲ್ಲಿ ಅದರ ಗುಣದೋಷಗಳ ವಿವರಣೆಯಿದೆ. ಹಳೆಯ ಹಮ್ಮಾಮ್‌ಗಳಲ್ಲಿ ಒಂದೊಂದೇ ಕೋಣೆ ದಾಟುತ್ತಾ ಹಂತಹಂತವಾಗಿ ಬಿಸಿಗೆ ಹೋಗುತ್ತಿದ್ದರು, ಹಾಗೆಯೇ ಹಂತಹಂತವಾಗಿ ಹೊರಗೆ ಬರುತ್ತಿದ್ದರು. ದೇಹವನ್ನು ಒಮ್ಮೆಲೇ ಚಳಿಯಿಂದ ಸುಡುಬಿಸಿಗೆ ತಳ್ಳಬಾರದು ಎಂಬುದೇ ಅದರ ಹಿಂದಿನ ತಿಳಿವಳಿಕೆ. ಹೊಟ್ಟೆ ತುಂಬ ಉಂಡ ಕೂಡಲೇ ಮೀಯಬಾರದು, ಬಿಸಿನೀರಿನಲ್ಲಿ ತುಂಬ ಹೊತ್ತು ಇರಬಾರದು ಎಂದೂ ನಮ್ಮ ಹಕೀಮರು ಹೇಳುತ್ತಾ ಬಂದಿದ್ದಾರೆ. ಬಲ್ಗಮೀ ಮಿಜಾಜಿನವರಿಗೆ, ವಯಸ್ಸಾದವರಿಗೆ ಬೆಚ್ಚಗಿನ ನೀರು ಹಿತ. ಸಫ್ರಾವೀ ಮಿಜಾಜಿನವರಿಗೆ, ಒಣಚರ್ಮದವರಿಗೆ ಉಗುರುಬೆಚ್ಚಗೆ ಇದ್ದರೆ ಸಾಕು. ಚಳಿಗಾಲದ ತುರಿಕೆಗೆಂದು ಬರುವವರಲ್ಲಿ ಹಲವರಿಗೆ ಔಷಧಿಗಿಂತ ಮೊದಲು ಸ್ನಾನದ ನೀರಿನ ಬಿಸಿ ಇಳಿಸಲು ಹೇಳುತ್ತೇನೆ. ಸುಡುನೀರು ಚರ್ಮದ ಎಣ್ಣೆಯ ಪಸೆಯನ್ನೆಲ್ಲ ತೊಳೆದುಬಿಡುತ್ತದೆ. ಹಿರಿಯರಿಗೆ ತುಂಬ ಬಿಸಿನೀರಿನಿಂದ ರಕ್ತದೊತ್ತಡ ಇಳಿದು ಬಚ್ಚಲಿನಲ್ಲೇ ತಲೆಸುತ್ತು ಬರುವುದುಂಟು. ಮೊಣಕೈ ಅದ್ದಿ ನೋಡಿ ಹಿತವೆನಿಸಿದರೆ ಅದೇ ಸರಿಯಾದ ಹದ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರು ತಾವೇ ನೋಡದೆ ಮನೆಯವರಿಂದ ನೋಡಿಸಲಿ. ಅವರಿಗೆ ಸುಟ್ಟದ್ದೇ ಗೊತ್ತಾಗುವುದಿಲ್ಲ.

ತಣ್ಣೀರಿನ ಕಷ್ಟ ಸಹಿಸಿದರೆ ಪುಣ್ಯ ಹೆಚ್ಚು ಎಂದು ಬಿಸಿನೀರಿದ್ದರೂ ಬಿಡುವ ಹಿರಿಯರಿದ್ದಾರೆ. ಕಷ್ಟದಲ್ಲೂ ವುಝೂ ಪೂರ್ಣವಾಗಿ ಮಾಡುವುದಕ್ಕೆ ದೊಡ್ಡ ಪ್ರತಿಫಲವಿದೆ ಎಂಬುದು ನಿಜ. ಕಷ್ಟವನ್ನು ಹುಡುಕಿಕೊಂಡು ಹೋಗಬೇಕೆಂದು ಅದರರ್ಥವಲ್ಲ. ಝಾತುಸ್ಸಲಾಸಿಲ್ ದಂಡಯಾತ್ರೆಯ ಒಂದು ಚಳಿರಾತ್ರಿ ಸ್ನಾನ ಕಡ್ಡಾಯವಾಗಿದ್ದರೂ ಅಮ್ರ್ ಬಿನ್ ಆಸ್(ರ) ಪ್ರಾಣಕ್ಕೆ ಹೆದರಿ ತಯಮ್ಮುಮ್ ಮಾಡಿದ್ದನ್ನು ಕೇಳಿ ಪ್ರವಾದಿ(ಸ)ಯವರು ನಕ್ಕರು, ಆಕ್ಷೇಪಿಸಲಿಲ್ಲ ಎಂದು ಅಬೂದಾವೂದ್‌ನಲ್ಲಿದೆ. ನಿಮ್ಮ ಕಾಯಿಲೆಗೆ ಯಾವ ರಿಯಾಯಿತಿ ಇದೆ ಎಂಬುದನ್ನು ಉಸ್ತಾದರಲ್ಲಿ ಕೇಳಿ. ಎದೆನೋವು, ದಮ್ಮು ಇರುವವರು ನಡುಗುವ ನೀರಿಗೆ ಇಳಿಯಬೇಡಿ ಎಂಬುದು ವೈದ್ಯನಾಗಿ ನನ್ನ ಮಾತು.

ಉಳಿತಾಯದ ಹೆಸರಿನ ಅಪಾಯಗಳು

ಗೀಸರ್‌ನ ಥರ್ಮೋಸ್ಟ್ಯಾಟನ್ನು 60 ಡಿಗ್ರಿಯ ಆಸುಪಾಸಿಗೆ ಇಡಿ. 75-80ಕ್ಕೆ ಇಟ್ಟರೆ ಸೋರಿಕೆ ಹೆಚ್ಚು, ಕೊಳವೆಬಾವಿಯ ಗಡಸು ನೀರಿನಲ್ಲಿ ಸುಣ್ಣದ ಪದರವೂ ಬೇಗ ಕಟ್ಟುತ್ತದೆ. ಈ ಪದರ ಬಿಲ್ ಏರಿಸುವುದಕ್ಕಿಂತ ಹೆಚ್ಚಾಗಿ ಕಾಯಿಲನ್ನು ಸುಡುತ್ತದೆ. ಕಾಯುವಾಗ ಗೊರಗೊರ ಸದ್ದು ಬಂದರೆ ಸರ್ವಿಸ್‌ಗೆ ಹೇಳಿ. 60 ಡಿಗ್ರಿಯ ನೀರು ಕೂಡ ನೇರವಾಗಿ ಬಿದ್ದರೆ ಐದಾರು ಸೆಕೆಂಡಿನಲ್ಲಿ ದೊಡ್ಡವರ ಚರ್ಮ ಆಳವಾಗಿ ಸುಡುತ್ತದೆ, ಮಕ್ಕಳದ್ದು ಅದಕ್ಕಿಂತ ಬೇಗ. ಆದ್ದರಿಂದ ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು.

ಹಾಗೆಂದು 40 ಡಿಗ್ರಿಗೆ ಇಳಿಸಿ ದಿನವಿಡೀ ಆನ್ ಇಡಬೇಡಿ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ನಿಂತ ಉಗುರುಬೆಚ್ಚನೆಯ ನೀರಿನಲ್ಲೇ ಬೆಳೆಯುವುದು. ಶವರ್‌ನ ತುಂತುರಿನೊಂದಿಗೆ ಶ್ವಾಸಕೋಶ ಸೇರಿದರೆ ಹಿರಿಯರಿಗೆ ನ್ಯುಮೋನಿಯಾ ತರಬಲ್ಲದು. 60 ಡಿಗ್ರಿಯಲ್ಲಿ ಕೆಲವು ನಿಮಿಷಗಳಲ್ಲಿ ಸಾಯುತ್ತದೆ. ಉಮ್ರಾ ಅಥವಾ ಊರಿಗೆ ಹೋಗಿ ವಾರಗಟ್ಟಲೆ ಮನೆ ಮುಚ್ಚಿದ್ದರೆ, ಬಂದ ದಿನ ಗೀಸರನ್ನು ಪೂರ್ತಿ ಕಾಯಿಸಿ, ಕಿಟಕಿ ತೆರೆದು ಆ ನೀರನ್ನೆಲ್ಲ ಹರಿಸಿಬಿಡಿ. ಗೀಸರ್ ನೀರನ್ನು ಕುಡಿಯಲು, ಮಗುವಿನ ಹಾಲಿನ ಪುಡಿ ಕಲಸಲು ಬಳಸಬೇಡಿ.

ಕರೆಂಟ್ ಉಳಿಸಲು ಗ್ಯಾಸ್ ಗೀಸರ್ ಹಾಕಿಸುವವರಿಗೆ ಒಂದು ಗಟ್ಟಿ ಮಾತು. ಅದನ್ನು ಬಚ್ಚಲಿನ ಒಳಗೆ ಹಾಕಿಸಲೇಬೇಡಿ. ಗಾಳಿ ಸಾಲದೆ ಗ್ಯಾಸ್ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ತಲೆಸುತ್ತು ಎನ್ನುವಷ್ಟರಲ್ಲಿ ಚಿಲಕ ತೆಗೆಯುವ ಶಕ್ತಿಯೂ ಉಳಿದಿರುವುದಿಲ್ಲ. ಚಳಿಯೆಂದು ಕಿಟಕಿ ಮುಚ್ಚಿ ಮಿಂದವರು ಹೆಣವಾಗಿ ಹೊರಬಂದ ಸುದ್ದಿಯನ್ನು ನೀವೂ ಪತ್ರಿಕೆಗಳಲ್ಲಿ ಓದಿದ್ದೀರಿ. ಹಾಕಿಸುವುದೇ ಆದರೆ ಹೊರಗಿನ ಗೋಡೆಗೆ ಹಾಕಿಸಿ, ಪೈಪಿನಲ್ಲಿ ನೀರು ಮಾತ್ರ ಒಳಗೆ ಬರಲಿ. ಬಕೆಟ್‌ಗೆ ಅದ್ದುವ ಹೀಟರ್ ರಾಡ್ ಕೂಡ ಒಂದು ಪೈಸೆ ಹೆಚ್ಚು ಉಳಿಸುವುದಿಲ್ಲ, ಶಾಕ್‌ನ ಅಪಾಯ ಮಾತ್ರ ಹೆಚ್ಚು. ಪ್ಲಗ್ ಕಿತ್ತ ಮೇಲೆಯೇ ಆ ನೀರು ಮುಟ್ಟಬೇಕು.

ಗೀಸರ್‌ನ ಅರ್ಥಿಂಗ್ ಸರಿಯಿದೆಯೇ, ಮನೆಗೆ ಇಎಲ್‌ಸಿಬಿ ಇದೆಯೇ ಎಂದು ವರ್ಷಕ್ಕೊಮ್ಮೆ ನೋಡಿಸಿ. ಮೀಯುವಾಗ ಸ್ವಿಚ್ ಆಫ್ ಇರಲಿ. ಗೀಸರ್ ಕೆಳಗಿನ ವಾಲ್ವ್‌ನಿಂದ ಕಾಯುವಾಗ ನಾಲ್ಕು ಹನಿ ತೊಟ್ಟಿಕ್ಕಿದರೆ ನೀರು ಪೋಲಾಗುತ್ತಿದೆ ಎಂದು ಬಟ್ಟೆ ತುರುಕಬೇಡಿ. 15 ಲೀಟರ್ ನೀರು 60 ಡಿಗ್ರಿಗೆ ಕಾದಾಗ ಸುಮಾರು ಒಂದು ಲೋಟದಷ್ಟು ಹಿಗ್ಗುತ್ತದೆ, ಅದಕ್ಕೆ ದಾರಿ ಬೇಕು. ಆ ದಾರಿ ಮುಚ್ಚಿದರೆ ಒತ್ತಡ ಏರಿ ಗೀಸರ್ ಸಿಡಿಯಬಹುದು. ಕಾಯದಿದ್ದಾಗಲೂ ಸೋರುತ್ತಿದ್ದರೆ ಮಾತ್ರ ದುರಸ್ತಿಯವರನ್ನು ಕರೆಯಿರಿ.

ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಚಳಿಗಾಲದೊಳಕ್ಕೆ ಬರುತ್ತಿದೆ. 2028ರಲ್ಲಿ ಅದು ಜನವರಿ ಕೊನೆಯ ವಾರದಲ್ಲಿ ಆರಂಭವಾಗಲಿದೆ. ಸಹರಿಗೆ ಎದ್ದವರು ಅಡುಗೆಮನೆಗೆ ಹೋಗುವ ದಾರಿಯಲ್ಲೇ ಗೀಸರ್ ಆನ್ ಮಾಡಿದರೆ, ರೊಟ್ಟಿ ಬೇಯುವಷ್ಟರಲ್ಲಿ ನೀರೂ ಸಿದ್ಧವಾಗಿರುತ್ತದೆ. ಆಫ್ ಮಾಡುವ ಕೆಲಸವನ್ನು ಊಟ ಮೊದಲು ಮುಗಿಸುವ ಮಗುವಿಗೆ ವಹಿಸಿ, ಅವರು ಮರೆಯುವುದಿಲ್ಲ. ಇಂದು ರಾತ್ರಿಯೇ ಒಂದು ಪರೀಕ್ಷೆ ಮಾಡಿ ನೋಡಿ. ಇಶಾ ನಂತರ ಗೀಸರ್ ಪೂರ್ತಿ ಕಾಯಿಸಿ ಆಫ್ ಮಾಡಿ, ಬಳಸದೆ ಬಿಡಿ. ಫಜ್ರ್‌ಗೆ ಎದ್ದು ಆನ್ ಮಾಡದೆಯೇ ಗೀಸರ್ ಕೆಳಗಿನ ನಲ್ಲಿಯಿಂದ ಒಂದು ತಂಬಿಗೆ ಹಿಡಿಯಿರಿ. ನೀರು ಇನ್ನೂ ಬೆಚ್ಚಗಿದ್ದರೆ ನಿಮ್ಮ ಗೀಸರ್‌ನ ಒಳಕವಚ ಚೆನ್ನಾಗಿದೆ. ಬೆಳಿಗ್ಗೆ ಸ್ನಾನಕ್ಕೆ ಕಾಯಿಸಿ ಉಳಿದ ನೀರೇ ಝುಹ್ರ್‌ನ ವುಝೂಗೂ ಆಗುತ್ತದೆ.